ದವಡೆ ಶಸ್ತ್ರಚಿಕಿತ್ಸೆಯ ಲೆಕ್ಕ ಬೇರೆ, ಮುಹೂರ್ತದ ಲೆಕ್ಕ ಬೇರೆ

ಪ್ರಶ್ನೆ: ನನ್ನ ಮಗಳಿಗೆ 20 ವರ್ಷ. ಕೆಳದವಡೆ ಮುಂದೆ ಬಂದಿದೆ. ಬಾಗಲಕೋಟೆಯಲ್ಲಿ ತೋರಿಸಿದಾಗ ಆಪರೇಷನ್ ಬೇಕು, ಆದರೆ ಅದಕ್ಕೂ ಮೊದಲು ವರ್ಷಕ್ಕೂ ಹೆಚ್ಚು ಕಾಲ ಹಲ್ಲಿಗೆ ತಂತಿ ಹಾಕಬೇಕು ಎಂದರು. ಮುಂದಿನ ಬೇಸಿಗೆಯಲ್ಲಿ ಮದುವೆ ಮಾಡುವ ವಿಚಾರವಿದೆ. ತಂತಿಯ ಗೊಡವೆಯಿಲ್ಲದೆ ನೇರವಾಗಿ ಆಪರೇಷನ್ ಮಾಡಿಸಬಹುದೇ? ಮುಖ ಎಷ್ಟು ಬದಲಾಗುತ್ತದೆ? ಕಲೆ ಉಳಿಯುತ್ತದೆಯೇ?
– ಒಬ್ಬ ತಾಯಿ, ಮುಧೋಳ

ಉತ್ತರ: ಕಲೆಯ ಚಿಂತೆ ಬಿಡಿ. ಕೊಯ್ಯುವುದು, ಹೊಲಿಯುವುದು ಎಲ್ಲವೂ ಬಹುಮಟ್ಟಿಗೆ ಬಾಯಿಯ ಒಳಗೇ ನಡೆಯುತ್ತದೆ. ಸ್ಕ್ರೂ ಕೂರಿಸಲು ಕೆಲವೊಮ್ಮೆ ಕೆನ್ನೆಯ ಮೇಲೆ ಒಂದು ಪುಟ್ಟ ರಂಧ್ರ ಬೇಕಾಗಬಹುದು, ಅಷ್ಟೇ.

ತಾಯಿ, ನಿಮ್ಮ ಪತ್ರದಲ್ಲಿ ಮದುವೆಯ ಮಾತಿದೆ, ಮಗಳು ಹೇಗೆ ಊಟ ಮಾಡುತ್ತಾಳೆ ಎಂಬ ಮಾತೇ ಇಲ್ಲ. ಇಂಥ ದವಡೆಯವರು ನನ್ನ ಬಳಿ ಬಂದಾಗ ನಾನು ಮೊದಲು ಕೇಳುವುದು ರೊಟ್ಟಿಯ ವಿಷಯ. ಮುಂದಿನ ಹಲ್ಲುಗಳು ಒಂದನ್ನೊಂದು ಸಂಧಿಸದ ಕಾರಣ ಅವರು ಕಚ್ಚಿ ತಿನ್ನುವುದಿಲ್ಲ. ಚೂರು ಮಾಡಿ ಬಾಯಿಯ ಪಕ್ಕಕ್ಕೆ ತಳ್ಳಿ ಹಿಂದಿನ ಹಲ್ಲಿನಲ್ಲಿ ಅಗಿಯುತ್ತಾರೆ. ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಈ ಶಸ್ತ್ರಚಿಕಿತ್ಸೆಯ ಮೊದಲ ಉದ್ದೇಶ ಆ ಕಚ್ಚುವಿಕೆಯನ್ನು ಸರಿಪಡಿಸುವುದು. ಮುಖದ ಬದಲಾವಣೆ ಅದರ ಜೊತೆಗೇ ಬರುತ್ತದೆ.

ಇನ್ನು ತಂತಿ. ದವಡೆ ಮುಂದೆ ಬಂದವರಲ್ಲಿ ಹಲ್ಲುಗಳು ತಾವಾಗಿಯೇ ಹೊಂದಾಣಿಕೆ ಮಾಡಿಕೊಂಡಿರುತ್ತವೆ. ಮೇಲಿನವು ಹೊರಕ್ಕೆ, ಕೆಳಗಿನವು ಒಳಕ್ಕೆ ವಾಲಿರುತ್ತವೆ. ಈ ವಾಲು ಬಿಡಿಸದೆ ದವಡೆಯನ್ನು ಹಿಂದೆ ಸರಿಸಲು ಹೋದರೆ ಹಲ್ಲಿಗೆ ಹಲ್ಲು ಅಡ್ಡ ಬಂದು, ಸರಿಯಬೇಕಾದಷ್ಟು ಅದು ಸರಿಯುವುದೇ ಇಲ್ಲ. ಅದನ್ನು ಬಿಡಿಸಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು. ಈ ಅವಧಿಯಲ್ಲಿ ಕೆಳಹಲ್ಲುಗಳು ಮುಂದೆ ಬಂದು ದವಡೆ ಮೊದಲಿಗಿಂತ ಹೆಚ್ಚು ಎದ್ದು ಕಾಣುತ್ತದೆ. 'ದುಡ್ಡು ಕೊಟ್ಟು ಮುಖ ಕೆಡಿಸಿಕೊಂಡೆವು' ಎಂದು ನಡುವೆ ತಂತಿ ತೆಗೆಸಿಕೊಂಡು ಹೋದವರಿದ್ದಾರೆ. ಮೊದಲೇ ಯಾರಾದರೂ ತಿಳಿಸಿ ಹೇಳಿದ್ದರೆ ಅವರು ಹೋಗುತ್ತಿರಲಿಲ್ಲ. ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ತಂತಿ ಎಂಬ ಕ್ರಮವೂ ಉಂಟು. ಆದರೆ ಅದು ಎಲ್ಲರಿಗೂ ಹೊಂದುವುದಿಲ್ಲ, ಅದರಲ್ಲೂ ತಂತಿ ತಪ್ಪುವುದಿಲ್ಲ.

ಇದೇ ಅವಧಿಯಲ್ಲಿ ಮಾಡಿಸಬೇಕಾದ ಬೇರೆ ಕೆಲಸಗಳಿವೆ. ದವಡೆಯ ಬೆಳವಣಿಗೆ ನಿಂತಿದೆಯೇ ಎಂಬುದನ್ನು ತಿಂಗಳುಗಳ ಅಂತರದಲ್ಲಿ ತೆಗೆದ ಪಾರ್ಶ್ವ ಎಕ್ಸ್-ರೇಗಳನ್ನು ಹೋಲಿಸಿ ಖಚಿತಪಡಿಸಿಕೊಳ್ಳುತ್ತಾರೆ. ಕೆಳದವಡೆಯ ಬುದ್ಧಿಹಲ್ಲುಗಳನ್ನು ಅನೇಕರು ಆರು ತಿಂಗಳು ಮುಂಚೆಯೇ ಕೀಳಿಸುತ್ತಾರೆ. ರಕ್ತಹೀನತೆ ಇದ್ದರೆ ಈಗಿನಿಂದಲೇ ಸರಿಪಡಿಸಿಕೊಳ್ಳಿ.

ಮುಖ ಎಷ್ಟು ಬದಲಾಗುತ್ತದೆ ಎಂಬುದು ಯಾವ ದವಡೆಯನ್ನು ಎಷ್ಟು ಸರಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ಕೆಳದವಡೆ ಮುಂದೆ ಬಂದಂತೆ ಕಾಣುವ ಹಲವರಲ್ಲಿ ನಿಜಕ್ಕೂ ಮೇಲ್ದವಡೆ ಹಿಂದೆ ಉಳಿದಿರುತ್ತದೆ. ಮೇಲ್ದವಡೆಯನ್ನು ಮುಂದೆ ತಂದರೆ ಮೂಗಿನ ಬುಡ ತುಸು ಅಗಲವಾಗಿ ತುದಿ ಮೇಲೇಳಬಹುದು. ಅಗಲವಾಗದಂತೆ ಒಳಗಿನಿಂದಲೇ ಹೊಲಿಗೆ ಹಾಕುತ್ತಾರೆ. ಕೆಳದವಡೆಯನ್ನು ತೀರಾ ಹಿಂದೆ ತಳ್ಳಿದರೆ ಗದ್ದದ ಕೆಳಗೆ ಚರ್ಮ ಸಡಿಲವಾಗಿ ಕಾಣಬಹುದು, ಉಸಿರಿನ ದಾರಿಯೂ ಕಿರಿದಾಗುತ್ತದೆ. ಆದ್ದರಿಂದ ಮಗಳು ಗೊರಕೆ ಹೊಡೆಯುತ್ತಿದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಕಂಪ್ಯೂಟರಿನಲ್ಲಿ ತೋರಿಸುವ 'ಮುಂದಿನ ಮುಖ' ಒಂದು ಅಂದಾಜು. ಅದನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಬೀಗರಿಗೆ ತೋರಿಸಲು ಹೋಗಬೇಡಿ.

ಆಪರೇಷನ್ ಆದ ಎರಡನೇ ಮೂರನೇ ದಿನ ಮುಖ ಎಷ್ಟು ಊದಿರುತ್ತದೆಂದರೆ ಕನ್ನಡಿ ನೋಡಿ ಅವಳೇ ಗಾಬರಿಯಾಗಬಹುದು. ಹೆಚ್ಚಿನ ಬಾವು ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ. ಉಳಿದದ್ದು ಇಳಿದು ಮುಖ ಒಂದು ರೂಪಕ್ಕೆ ಬರಲು ಆರು ತಿಂಗಳಿಂದ ವರ್ಷ ಬೇಕು. ನೋಡಲು ಬರುವ ನೆಂಟರಿಗೆ 'ಅಯ್ಯೋ, ಇದೇನಾಯಿತು' ಎನ್ನಬಾರದೆಂದು ಬಾಗಿಲಲ್ಲೇ ಹೇಳಿಬಿಡಿ. ಕೆಳತುಟಿ, ಗದ್ದ ಜೋಮು ಹಿಡಿದಿರುವುದರಿಂದ ಅಂಬಲಿ ಸೋರಿ ಗದ್ದದ ಮೇಲಿಳಿದರೂ ಅವಳಿಗೆ ಗೊತ್ತಾಗುವುದಿಲ್ಲ. ಕೈಗೆ ಸದಾ ಒಂದು ಕರವಸ್ತ್ರ ಕೊಟ್ಟಿರಿ. ಈ ಜೋಮು ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಒಂದಿಷ್ಟು ಶಾಶ್ವತವಾಗಿ ಉಳಿಯುತ್ತದೆ. ಇದನ್ನು ತಿಳಿದೇ ಒಪ್ಪಿಕೊಳ್ಳಬೇಕು. ಮೊದಲು ಬೇಳೆಕಟ್ಟು, ಮಜ್ಜಿಗೆ, ಅಂಬಲಿ. ಸುಮಾರು ಆರು ವಾರ ಅಗಿಯುವ ಆಹಾರ ಇಲ್ಲ. ಕಡಕ್ ರೊಟ್ಟಿಗೂ ಅಮೀನಗಡದ ಕರದಂಟಿಗೂ ವೈದ್ಯರ ಅನುಮತಿ ಸಿಗುವವರೆಗೆ ಕಾಯಬೇಕು.

ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ತಿಂಗಳು ತಂತಿ ಇರುತ್ತದೆ. ಒಟ್ಟು ಎರಡು ವರ್ಷದ ಮಾತು. ಮುಂದಿನ ಬೇಸಿಗೆಗೆ ಇದು ಮುಗಿಯುವುದಿಲ್ಲ. ತಂತಿಯಿರುವಾಗಲೇ ಹಸೆಮಣೆ ಏರಿದರೆ ಕುಂದೇನಿಲ್ಲ, ಗಂಡಿನ ಕಡೆಯವರಿಗೆ ಮುಂಚೆಯೇ ತಿಳಿಸಿರಿ. ಮದುವೆಯ ನಂತರ ಮಾಡಿಸುವುದಾದರೆ ಗರ್ಭಿಣಿಯಾಗಿರುವಾಗ ಇಂಥ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎಂಬುದು ನೆನಪಿರಲಿ. ನಿಮಗೆ ದೂರ ಹೋಗುವ ಅಗತ್ಯವೂ ಇಲ್ಲ: ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ. ತಂತಿ ಹಾಕುವವರೂ ಶಸ್ತ್ರಚಿಕಿತ್ಸಕರೂ ಒಟ್ಟಿಗೆ ಕುಳಿತು ನೋಡುವ ಕಡೆಗೆ ಹೋಗಿ. ಅಲ್ಲಿ ನೀವು ಸ್ವಲ್ಪ ಹೊತ್ತು ಹೊರಗೆ ಕುಳಿತು, ಮಗಳೊಬ್ಬಳೇ ವೈದ್ಯರೊಂದಿಗೆ ಮಾತನಾಡಲಿ. ಅವಳು ವಯಸ್ಕಳು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವಳೂ ಅವಳೇ.