ಓದುಗರ ಪ್ರಶ್ನೆ: ಬ್ರೆಮೆನ್‌ನ ವರ್ತಕ ಮತ್ತು ಮುಳುಗುವ ಹಡಗುಗಳು

ಪ್ರಶ್ನೆ: ಜರ್ಮನಿಯ ಹೆರ್ಮಾನ್ ಹೆನ್ರಿಕ್ ಮೈಯರ್ ಹಡಗು ಕಂಪನಿಯ ಒಡೆಯರಂತೆ. ಕಡಲಿನಲ್ಲಿ ಜೀವ ಉಳಿಸುವ ಸಂಘದಲ್ಲೂ ಅವರ ಹೆಸರಿದೆಯಲ್ಲ, ಹೇಗೆ?

ಉತ್ತರ: ಮೈಯರ್ (1809–1898) ಬ್ರೆಮೆನ್‌ನ ವರ್ತಕರು, 1848ರ ಫ್ರಾಂಕ್‌ಫರ್ಟ್ ಸಂಸತ್ತಿನಲ್ಲೂ ಕೂತವರು. 1857ರಲ್ಲಿ ನಾರ್ತ್ ಜರ್ಮನ್ ಲಾಯ್ಡ್ ಎಂಬ ಹಡಗು ಕಂಪನಿ ಕಟ್ಟಿದರು, ಮರುವರ್ಷವೇ 'ಬ್ರೆಮೆನ್' ಎಂಬ ಉಗಿಹಡಗು ನ್ಯೂಯಾರ್ಕಿಗೆ ಹೊರಟಿತು. ಅತ್ತ ಕರಾವಳಿಯ ಊರುಗಳಲ್ಲಿ ಚದುರಿದ್ದ ರಕ್ಷಣಾ ಸಂಘಗಳು 1865ರ ಮೇ 29ರಂದು ಕೀಲ್ ನಗರದಲ್ಲಿ ಒಂದಾದಾಗ ಮೊದಲ ಅಧ್ಯಕ್ಷರಾದವರು ಇವರೇ.

ಪ್ರಶ್ನೆ: ಆಗ ಎಂಜಿನ್ ದೋಣಿ ಇರಲಿಲ್ಲ. ಜನರನ್ನು ದಡಕ್ಕೆ ತರುತ್ತಿದ್ದುದು ಹೇಗೆ?

ಉತ್ತರ: ಒಂದೋ ಹುಟ್ಟು ಹಾಕುವ ದೋಣಿ, ಇಲ್ಲವೇ ರಾಕೆಟ್. ಎರಡನೆಯದು ಹಡಗು ದಡದ ಹತ್ತಿರ ಸಿಕ್ಕಿಬಿದ್ದಾಗ ಮಾತ್ರ ನಡೆಯುತ್ತಿತ್ತು. ದಡದಿಂದ ಹಾರಿಸಿದ ರಾಕೆಟ್ ತೆಳು ದಾರವನ್ನು ಹಡಗಿನ ಮೇಲೆ ಬೀಳಿಸುತ್ತದೆ. ನಾವಿಕರು ಅದನ್ನು ಎಳೆದರೆ ರಾಟೆಯೂ ಅದರಲ್ಲಿ ಸುತ್ತುವ ಹಗ್ಗವೂ ಬರುತ್ತವೆ. ರಾಟೆಯನ್ನು ಪಟಸ್ತಂಭಕ್ಕೆ ಕಟ್ಟಿ, ಆ ಸುತ್ತುವ ಹಗ್ಗದಿಂದ ದಡದವರು ಕಳಿಸುವ ದಪ್ಪ ಹಗ್ಗವನ್ನು ರಾಟೆಗಿಂತ ಮೇಲೆ, ಅದೇ ಕಂಬಕ್ಕೆ ಬಿಗಿಯಬೇಕು. ಆ ದಪ್ಪ ಹಗ್ಗದಲ್ಲಿ ಚಡ್ಡಿ ಹೊಲಿದ ತೇಲುಬಳೆ ಜಾರುತ್ತದೆ. ಒಬ್ಬೊಬ್ಬರನ್ನೇ ಕೂರಿಸಿ ಎಳೆಯುವುದು. ದಪ್ಪ ಹಗ್ಗವನ್ನು ತಗ್ಗಿನಲ್ಲಿ ಕಟ್ಟಿದರೆ ಕೂತವರು ಅಲೆಗೆ ಸಿಗುತ್ತಾರೆ. ಹಡಗು ಓಲಾಡಿದಾಗ ಹಗ್ಗ ಸಡಿಲಿಸದಿದ್ದರೆ ಹರಿದೇ ಹೋಗುತ್ತದೆ. ಇದು ಗೊತ್ತಿಲ್ಲದ ನಾವಿಕರೇ ದೊಡ್ಡ ತಲೆನೋವು!

ಪ್ರಶ್ನೆ: ಸಂಘದ ಖರ್ಚಿಗೆ ಹಣ?

ಉತ್ತರ: ದೇಣಿಗೆಯೇ. ದೋಣಿಯಾಕಾರದ ಪುಟ್ಟ ಹುಂಡಿಗಳು 1875ರಿಂದ ಇವೆ, ಈಗಲೂ ಕಾಣಸಿಗುತ್ತವೆ.