ಕರುಳಿನ ಬ್ಯಾಕ್ಟೀರಿಯಾ ನಂಬಿ ಖಿನ್ನತೆಯ ಮಾತ್ರೆ ಬಿಡಿಸಬೇಡಿ

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ, ಕಬ್ಬು ಬೆಳೆಯುತ್ತೇವೆ. ಹೋದ ವರ್ಷದಿಂದ ಯಾವುದರಲ್ಲೂ ಮನಸ್ಸಿಲ್ಲ, ನಡುರಾತ್ರಿ ಎದ್ದು ಕೂರುತ್ತಿದ್ದರು. ಡಾಕ್ಟರು ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟು ಎರಡು ತಿಂಗಳಾಯಿತು. ಮೊದಮೊದಲು ಹೊಟ್ಟೆ ತೊಳೆಸಿ ಊಟವೇ ಸೇರುತ್ತಿರಲಿಲ್ಲ. ಈಗ ನಿದ್ದೆ ಬರುತ್ತಿದೆ, ಗದ್ದೆ ಕಡೆ ಹೋಗುತ್ತಿದ್ದಾರೆ. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಮೈದುನ ಒಂದು ವಿಡಿಯೊ ಕಳಿಸಿ, "ಅತ್ತಿಗೆ, ಈ ಕಾಯಿಲೆ ಶುರುವಾಗೋದೇ ಕರುಳಲ್ಲಿ ಅಂತ ಸಂಶೋಧನೆ ಆಗಿದೆ. ಆ ಮಾತ್ರೆ ಕರುಳನ್ನೇ ಹಾಳು ಮಾಡುತ್ತೆ, ಬಿಡಿಸಿ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೊಡಿ" ಅನ್ನುತ್ತಿದ್ದಾನೆ. ಏನು ಮಾಡಲಿ?
– ಮದ್ದೂರು ತಾಲ್ಲೂಕಿನ ಓದುಗರು

ಉತ್ತರ: ಮಾತ್ರೆ ನಿಲ್ಲಿಸಬೇಡಿ. ನಿದ್ದೆ ಮರಳಿದೆ, ಗದ್ದೆಗೆ ಹೋಗುತ್ತಿದ್ದಾರೆ ಎಂದು ನೀವೇ ಬರೆದಿದ್ದೀರಿ. ಖಿನ್ನತೆ ಇಳಿಯುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಇದ್ದಕ್ಕಿದ್ದಂತೆ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ಪೂರ್ತಿ ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರೇ ಹಂತಹಂತವಾಗಿ ಕಡಿಮೆ ಮಾಡುತ್ತಾರೆ.

ಹಾಗೆಂದು ನಿಮ್ಮ ಮೈದುನ ಹೇಳಿದ್ದೆಲ್ಲ ಸುಳ್ಳಲ್ಲ. ಕರುಳಿಗೂ ಮಿದುಳಿಗೂ ನಂಟಿದೆ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಹೊಟ್ಟೆಯಿಂದ ಮಿದುಳಿಗೆ ಸುದ್ದಿ ಒಯ್ಯುವ ವೇಗಸ್ ಎಂಬ ನರವಿದೆ. ಮನಸ್ಸಿನ ಸ್ಥಿತಿಯೊಂದಿಗೂ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕದ ಶೇ 90ರಷ್ಟು ತಯಾರಾಗುವುದು ಕರುಳಿನಲ್ಲೇ. ವಿಡಿಯೊಗಳು ಇಷ್ಟಕ್ಕೇ ನಿಲ್ಲಿಸುತ್ತವೆ. ಕರುಳಿನ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟುವುದಿಲ್ಲ, ಮಿದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದನ್ನು ಹೇಳುವುದಿಲ್ಲ.

ನಿಮ್ಮ ಯಜಮಾನರಿಗೆ ಹೊಟ್ಟೆ ತೊಳೆಸಿದ್ದೂ ಬಹುಶಃ ಇದೇ ಕಾರಣಕ್ಕೆ. ಖಿನ್ನತೆಗೆ ಹೆಚ್ಚಾಗಿ ಕೊಡುವ ಮಾತ್ರೆಗಳು ಸೆರೊಟೋನಿನ್ ಮೇಲೆ ಕೆಲಸ ಮಾಡುತ್ತವೆ. ಅವು ಮಿದುಳಿಗೆ ಹೋದಂತೆ ಕರುಳಿಗೂ ಹೋಗುವುದರಿಂದ ಶುರುವಿನಲ್ಲಿ ವಾಕರಿಕೆ, ಭೇದಿ ಆಗುವುದುಂಟು. ಒಂದೆರಡು ವಾರದಲ್ಲಿ ಮೈ ಒಗ್ಗಿಕೊಳ್ಳುತ್ತದೆ, ಇವರಿಗೂ ಒಗ್ಗಿದೆ. ಕರುಳು ಹಾಳಾಗಿದೆ ಎಂದು ಇದರರ್ಥವಲ್ಲ.

ಇನ್ನು ಆ 'ಸಂಶೋಧನೆ'. ಇಂಥ ವಿಡಿಯೊಗಳ ಹಿಂದೆ ಹೆಚ್ಚಾಗಿ ಇರುವುದು 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ತಂಡ ಮಾಡಿದ ಪ್ರಯೋಗದಂಥವು. ಇಲಿಗಳಿಗೆ ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಜೆಬಿ-1 ಎಂಬ ಬ್ಯಾಕ್ಟೀರಿಯಾ ತಿನ್ನಿಸಿ ನೀರಿಗೆ ಬಿಟ್ಟರು. ತಿನ್ನದ ಇಲಿಗಳು ಬೇಗ ಕೈಚೆಲ್ಲಿ ತೇಲುತ್ತ ನಿಂತವು. ತಿಂದವು ಹೆಚ್ಚು ಹೊತ್ತು ಈಜಾಡಿದವು. ಒತ್ತಡದ ಹಾರ್ಮೋನೂ ಕಡಿಮೆ ಇತ್ತು. ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ಸುದ್ದಿ ಹೋಗುವ ದಾರಿಯನ್ನೇ ತೋರಿಸಿದ್ದರಿಂದ ನಿಜಕ್ಕೂ ದೊಡ್ಡ ಕೆಲಸವದು.

ಅದೇ ಕಾರ್ಕ್‌ನಲ್ಲಿ ಅದೇ ಬ್ಯಾಕ್ಟೀರಿಯಾವನ್ನು ಮನುಷ್ಯರಿಗೆ ಕೊಟ್ಟು ನೋಡಿದ ವರದಿ 2017ರಲ್ಲಿ ಬಂತು. ಆರೋಗ್ಯವಂತ 29 ಗಂಡಸರು. ನಾಲ್ಕು ವಾರ ಜೆಬಿ-1, ನಾಲ್ಕು ವಾರ ಔಷಧವಿಲ್ಲದ ಖಾಲಿ ಕ್ಯಾಪ್ಸೂಲ್. ತಣ್ಣೀರಿನಲ್ಲಿ ಕೈ ಅದ್ದಿಸಿ ಒತ್ತಡವನ್ನೂ ಅಳೆದರು. ಎರಡಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಇಲಿಯ ಸುದ್ದಿ ಊರೂರು ಸುತ್ತಿತು, ಮನುಷ್ಯರ ಫಲಿತಾಂಶವನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ನನಗೆ ಸಂಕಟವಾಗುವುದು ಇಲ್ಲೇ, ಏಕೆಂದರೆ ಅರ್ಧ ಸುದ್ದಿ ನಂಬಿದವರ ಮನೆಯಲ್ಲಿ ಚೇತರಿಸಿಕೊಳ್ಳುತ್ತಿರುವ ರೋಗಿಯೊಬ್ಬರು ಇರುತ್ತಾರೆ.

ಬೆಲ್ಜಿಯಂನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಖಿನ್ನತೆ ಇದ್ದವರ ಕರುಳಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಕಡಿಮೆ ಇವೆ ಎಂದು 2019ರಲ್ಲಿ ವರದಿ ಮಾಡಿದರು. ಸರಿ, ಆದರೆ ಬ್ಯಾಕ್ಟೀರಿಯಾ ಕಡಿಮೆಯಾಗಿ ಖಿನ್ನತೆ ಬಂತೋ, ಖಿನ್ನತೆಯಿಂದ ಊಟ ಬಿಟ್ಟು ಬ್ಯಾಕ್ಟೀರಿಯಾ ಕಡಿಮೆಯಾದವೋ? ಅದನ್ನು ಈ ಲೆಕ್ಕ ಹೇಳುವುದಿಲ್ಲ.

ಊಟದ ವಿಷಯದಲ್ಲಿ ಮಾತ್ರ ಭರವಸೆಯಿಂದ ಹೇಳಬಹುದು. ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇದ್ದ 67 ಜನರ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧ ಜನಕ್ಕೆ ಕಾಳು, ತರಕಾರಿ, ಇಡೀ ಧಾನ್ಯ, ಮೀನಿನ ಊಟ ಹೇಳಿಕೊಟ್ಟರು. ಉಳಿದವರ ಜೊತೆ ಬರೀ ಕೂತು ಮಾತಾಡಿದರು. 12 ವಾರದ ಮೇಲೆ ಊಟ ಬದಲಿಸಿದವರಲ್ಲಿ ಶೇ 32ರಷ್ಟು ಜನರಿಗೆ ಖಿನ್ನತೆಯ ಲಕ್ಷಣ ಬಹುತೇಕ ಹೋಗಿತ್ತು, ಉಳಿದವರಲ್ಲಿ ಶೇ 8ರಷ್ಟು ಜನರಿಗೆ. ಆ 67 ಜನರಲ್ಲಿ ಹೆಚ್ಚಿನವರು ಮಾತ್ರೆಯನ್ನೋ ಆಪ್ತಸಮಾಲೋಚನೆಯನ್ನೋ ಮುಂದುವರಿಸಿಕೊಂಡೇ ಇದ್ದರು ಎಂಬುದನ್ನು ಮೈದುನನಿಗೆ ತಪ್ಪದೆ ಹೇಳಿ. ಚಿಕ್ಕ ಅಧ್ಯಯನ, ಆದರೂ ದಾರಿ ತೋರಿಸುತ್ತದೆ.

ಕ್ಯಾಪ್ಸೂಲಿಗೆ ಸುರಿಯುವ ದುಡ್ಡಿನಲ್ಲಿ ತಿಂಗಳಿಗಾಗುವಷ್ಟು ಕಾಳು ಬರುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಕ್ಕೆ ಬೇಕಿರುವುದು ನಾರು. ಅದನ್ನು ಹುದುಗಿಸಿ ಅವು ಮಾಡುವ ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳು-ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ: ನಿಮ್ಮ ಕಡೆಯ ಈ ಊಟ ಸಾಕು. ಮುದ್ದೆ ಬಿಟ್ಟು ಎರಡು ಹೊತ್ತೂ ಬರೀ ಅನ್ನಕ್ಕೆ ಇಳಿದಿದ್ದರೆ ಒಂದು ಹೊತ್ತಾದರೂ ಮುದ್ದೆಗೆ ಮರಳಿ.

ಅವರು ಬದುಕು ಸಾಕು ಎಂಬಂಥ ಮಾತಾಡಿದರೆ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮೈದುನನನ್ನೂ ಕರೆದುಕೊಂಡು ಹೋಗಿ. ಅಣ್ಣನ ಮೇಲಿನ ಅಕ್ಕರೆಗೇ ಆತ ಇಷ್ಟೆಲ್ಲ ಹುಡುಕಿದ್ದು.

ಪ್ರಶ್ನೆ: ಇಡ್ಲಿ, ದೋಸೆ ಹಿಟ್ಟು ಹುಳಿ ಬಂದಿರುತ್ತದಲ್ಲ, ಅದರ ಒಳ್ಳೆಯ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗುತ್ತವೆಯೇ?
– ಮೈಸೂರಿನ ಸರಸ್ವತಿಪುರಂನಿಂದ ಒಬ್ಬರು

ಉತ್ತರ: ಜೀವಂತವಾಗಿ ಹೋಗುವುದಿಲ್ಲ. ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಮತ್ತು ಅದರ ಬಳಗ ಹಬೆಯಲ್ಲಿ, ಕಾವಲಿಯ ಮೇಲೆ ಸಾಯುತ್ತವೆ. ಆದರೆ ರಾತ್ರಿಯಿಡೀ ಅವು ಮಾಡಿದ ಕೆಲಸ ಉಳಿಯುತ್ತದೆ: ಅಕ್ಕಿ-ಉದ್ದಿನಲ್ಲಿ ಕಬ್ಬಿಣ, ಸತುವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿ, ಅವು ಮೈಗೆ ಹತ್ತುವುದು ಸುಲಭವಾಗುತ್ತದೆ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ ತೆಗೆದುಕೊಳ್ಳಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರ ಮೊಸರಿನಂಥ ಹುದುಗಿಸಿದ ಆಹಾರ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ಉರಿಯೂತ ಸೂಚಿಸುವ 19 ಪ್ರೋಟೀನುಗಳು ರಕ್ತದಲ್ಲಿ ಇಳಿದವು. ಮಜ್ಜಿಗೆ ಹುಳಿ ಇದಕ್ಕೆ ಲೆಕ್ಕವಿಲ್ಲ, ಅದನ್ನು ಕುದಿಸಿರುತ್ತೀರಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಪ್ರೊಬಯಾಟಿಕ್ ಕ್ಯಾಪ್ಸೂಲನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು.