ಕ್ರಿಸ್‌ಮಸ್ ಆದ ಮೇಲಿನ ದಿನದಿನದ ವಾಚನಗಳನ್ನು ಹೇಗೆ ಓದಬೇಕು?

ಬೀದರಿನಿಂದ ಕೇಳಿದ್ದೀರಿ. ಮದುವೆಯಾದ ಮೇಲೆ ಕಥೋಲಿಕ ಪೂಜೆಗೆ ಹೋಗುತ್ತಿದ್ದೀರಿ, ಕ್ರಿಸ್‌ಮಸ್ ನಂತರ ಪೂಜೆಯಲ್ಲಿ ದಿನಾ ಓದುವ ಬೈಬಲ್ ಭಾಗಗಳು, ಅಂದರೆ ವಾಚನಗಳು, ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ ಅನ್ನುತ್ತೀರಿ. ನಿನ್ನೆ ಮಗು ಹುಟ್ಟಿತು, ಇವತ್ತು ಯಾರನ್ನೋ ಕಲ್ಲು ಹೊಡೆದು ಕೊಂದರು. ಗೊಂದಲ ಆಗೋದು ಸಹಜ.

ನಾನು ಕಲಬುರಗಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನನ್ನ ಸಲಹೆ ಇಷ್ಟೇ: ಶುಭಸಂದೇಶಕ್ಕಿಂತ (ಯೇಸುವಿನ ಜೀವನ ಹೇಳುವ ವಾಚನ) ಮುಂಚೆ ಬರುವ ಮೊದಲ ವಾಚನವನ್ನು ಬಿಡಬೇಡಿ. ಜಾಸ್ತಿ ಜನ ಬಿಡುವುದು ಅದನ್ನೇ, ಆದರೆ ದಾರ ಇರುವುದು ಅಲ್ಲಿ. ಡಿಸೆಂಬರ್ 27ಕ್ಕೆ ಯೊವಾನ್ನನ ಮೊದಲ ಪತ್ರ ಶುರುವಾಗುತ್ತದೆ. (ಬೀದರಿನಲ್ಲಿ ಮೆಥೋಡಿಸ್ಟರು ಬಹಳ ಇದ್ದಾರಲ್ವಾ, ನಿಮ್ಮ ತವರಿನ ಬೈಬಲ್‌ನಲ್ಲಿ ಯೋಹಾನ ಎಂದಿದ್ದರೆ ಅದೇ ಪತ್ರ.) ಐದೇ ಅಧ್ಯಾಯ. ಭಾನುವಾರ ಮತ್ತು ದೊಡ್ಡ ಹಬ್ಬ ಬಿಟ್ಟು ದಿನಾ ಒಂದು ತುಂಡು ಓದುತ್ತಾ ಹೋಗುತ್ತಾರೆ. ವಾರದ ದಿನಗಳ ಈ ವಾಚನಗಳು ಪ್ರತಿವರ್ಷ ಅವೇ. ಭಾನುವಾರದ್ದು ಮಾತ್ರ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ.

ನೀವು ಹೇಳಿದ ಕಲ್ಲೇಟಿನ ಕಥೆ 26ರದು: ಸಂತ ಸ್ತೇಫನ, ಮೊದಲ ರಕ್ತಸಾಕ್ಷಿ, ಅಂದರೆ ನಂಬಿಕೆಗಾಗಿ ಜೀವ ಕೊಟ್ಟವನು. ಅವತ್ತು ಗುರುಗಳ ಉಡುಪು ಕೆಂಪು. 28ರಂದು ಮತ್ತೆ ಕೆಂಪು: ರಾಜ ಹೆರೋದ ಕೊಲ್ಲಿಸಿದ ಹಸುಗೂಸುಗಳ ಹಬ್ಬ. ಆ ದಿನ ಭಾನುವಾರ ಬಂದರೆ ಪವಿತ್ರ ಕುಟುಂಬದ ಹಬ್ಬ ಅದರ ಜಾಗ ತೆಗೆದುಕೊಳ್ಳುತ್ತದೆ.

28ರ ಶುಭಸಂದೇಶ ಮತ್ತಾಯನ ಎರಡನೇ ಅಧ್ಯಾಯ. ಜೋಸೆಫ ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಡುತ್ತಾನೆ. ನಮ್ಮ ಕಡೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಯಾದಗಿರಿ, ಕಲಬುರಗಿ ಹಳ್ಳಿಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ಕೂಸು ಎತ್ತಿಕೊಂಡು ಗುಳೆ ಹೋಗುವವರನ್ನು ಎಲ್ಲರೂ ನೋಡಿದ್ದಾರೆ. ಜೋಸೆಫ ಹೋದದ್ದು ಜೀವ ಉಳಿಸಲು, ಇವರು ಹೋಗುವುದು ಹೊಟ್ಟೆಪಾಡಿಗೆ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೂ ಕ್ಲಾಸಿನಲ್ಲಿ ಈ ಭಾಗಕ್ಕೆ ಬರುವಷ್ಟು ಪ್ರಶ್ನೆ ಗೋದಲಿಗೆ ಬರುವುದಿಲ್ಲ. ಈಜಿಪ್ಟಿನಲ್ಲಿ ಅವರಿಗೆ ಮನೆ ಯಾರು ಕೊಟ್ಟರು? ಜೋಸೆಫನಿಗೆ ಕೆಲಸ ಸಿಕ್ಕಿತಾ? ಬೈಬಲ್ ಇದನ್ನು ಹೇಳುವುದಿಲ್ಲ.

29, 30ರ ಶುಭಸಂದೇಶದಲ್ಲಿ ಮಗುವಿಗಾಗಿ ಕಾದು ದೇವಾಲಯದಲ್ಲಿ ಅದನ್ನು ಕಂಡ ಸಿಮೆಯೋನ, ಮತ್ತು ಅನ್ನ ಎಂಬ ಮುದುಕಿ. ಜನವರಿ 1 ದೇವಮಾತೆ ಮರಿಯಳ ಹಬ್ಬ. ನಮ್ಮಲ್ಲಿ ಮೂರು ಜ್ಞಾನಿಗಳ ಹಬ್ಬ, ಅಂದರೆ ಎಪಿಫನಿ, ಜನವರಿ 2ರಿಂದ 8ರೊಳಗಿನ ಭಾನುವಾರ ಬರುತ್ತದೆ.

ನನಗೆ ಅತಿ ಇಷ್ಟ ಅದರ ಮುಂದಿನ ವಾರ. ಮಂಗಳವಾರ ಯೊವಾನ್ನನ ಪತ್ರ ‘ದೇವರು ಪ್ರೀತಿ’ ಅನ್ನುತ್ತದೆ. ಅದೇ ದಿನ ಮಾರ್ಕನ ಶುಭಸಂದೇಶದಲ್ಲಿ ಐದು ರೊಟ್ಟಿ, ಎರಡು ಮೀನಿನಿಂದ ಐದು ಸಾವಿರ ಗಂಡಸರು ಉಣ್ಣುತ್ತಾರೆ. ಪ್ರೀತಿ ಅಂದರೇನು ಎಂದು ಯಾರೂ ಭಾಷಣ ಮಾಡುವುದಿಲ್ಲ, ಹಸಿದವರನ್ನು ಹುಲ್ಲಿನ ಮೇಲೆ ಕೂರಿಸಿ ಊಟ ಹಾಕುತ್ತಾರೆ. ಬುಧವಾರ ಪತ್ರ, ಪೂರ್ಣ ಪ್ರೀತಿ ಹೆದರಿಕೆಯನ್ನು ಹೊರಗಟ್ಟುತ್ತದೆ ಅನ್ನುತ್ತದೆ. ಶುಭಸಂದೇಶದಲ್ಲಿ ಎದುರುಗಾಳಿಗೆ ಸಿಕ್ಕ ದೋಣಿ, ನೀರಿನ ಮೇಲೆ ನಡೆದು ಬಂದ ಯೇಸು, ಹೆದರಬೇಡಿ ಎಂಬ ಮಾತು. ಗುರುವಾರದ್ದು ನೇರ ಏಟು: ದೇವರನ್ನು ಪ್ರೀತಿಸುತ್ತೇನೆ ಎಂದು ಅಣ್ಣತಮ್ಮನನ್ನು ದ್ವೇಷಿಸುವವನು ಸುಳ್ಳುಗಾರ. ಹೊಲದ ಬದುವಿಗೆ ಕೋರ್ಟು ಹತ್ತಿದವರು ಅವತ್ತು ಪೂಜೆಗೆ ಬಂದರೆ ಒಳ್ಳೆಯದು. ಬರುವುದಿಲ್ಲ, ಬಿಡಿ.

ಒಂದು ವಿಷಯ ಗಮನಿಸಿ. ಎಪಿಫನಿ 7ಕ್ಕೋ 8ಕ್ಕೋ ಬಿದ್ದರೆ ಮಾರನೇ ದಿನವೇ ಪ್ರಭುವಿನ ಸ್ನಾನದೀಕ್ಷೆಯ (ಯೇಸುವಿನ ಬ್ಯಾಪ್ಟಿಸಂನ) ಹಬ್ಬ. ಆ ವರ್ಷ ಈ ವಾರವೇ ಸಿಗುವುದಿಲ್ಲ. ಆಗ ಪತ್ರದ ನಾಲ್ಕನೇ ಅಧ್ಯಾಯವನ್ನೂ ಮಾರ್ಕನ ಆರನೇ ಅಧ್ಯಾಯವನ್ನೂ ಮನೆಯಲ್ಲೇ ಜೋಡಿಸಿ ಓದಿ. ಸ್ನಾನದೀಕ್ಷೆಯ ಹಬ್ಬಕ್ಕೆ ಕ್ರಿಸ್‌ಮಸ್ ಕಾಲ ಮುಗಿಯುತ್ತದೆ. ಆಮೇಲೆ ಹಸಿರು ಉಡುಪು, ಮಾರ್ಕನ ಶುಭಸಂದೇಶ ಮೊದಲ ಅಧ್ಯಾಯದಿಂದ.